ಎಣ್ಣೆ ಬಿಟ್ಟ ಶ್ರೀರಾಮುಲು

ಹಿಂದೂಪುರದ ಶ್ರೀರಾಮುಲು ಒಂದು ಕಡೆ ಕೂರುವ ಮನುಷ್ಯನಲ್ಲ. ಮಗ್ಗದ ಮುಂದೆ ಮಾತ್ರ ಅಲ್ಲಾಡದೆ ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಕಿಮೋ ಶುರುವಾದ ಮೇಲೆ ಅಲ್ಲೂ ಕೂರಲಾಗಲಿಲ್ಲ. ಬೆರಳ ತುದಿಗಳು ಜೋಮು ಹಿಡಿದು ಎಳೆ ಕೈಗೆ ತಿಳಿಯುತ್ತಿರಲಿಲ್ಲ. ಅಂಗಳಕ್ಕೂ ಅಡಿಗೆಮನೆಗೂ ಸುಮ್ಮನೆ ಓಡಾಡುತ್ತಿದ್ದ.

ಜಿಡ್ಡು ತಿಂದರೆ ಗೆಡ್ಡೆ ಮತ್ತೆ ಬೆಳೆಯುತ್ತದೆ ಎಂದು ಫೋನಿನ ವಿಡಿಯೋ ಒಂದರಲ್ಲಿ ಯಾರೋ ಹೇಳಿದ್ದರು. ಅವತ್ತೇ ಎಣ್ಣೆ, ತುಪ್ಪ, ಮೊಟ್ಟೆ, ಕಡ್ಲೆಬೀಜ ಎಲ್ಲ ಬಿಟ್ಟ. ಹೆಂಡತಿ ಗಂಗಾದೇವಿ ಒಲೆ ಹಚ್ಚಿದರೆ ಹಿಂದೆಯೇ ಬಂದು ಅವಳ ಕೈ ನೋಡುತ್ತ ನಿಲ್ಲುವನು.

ಮೈ ಕರಗಿತು. ತೂಕ ನೋಡಿದ ಡಾಕ್ಟರು ಆ ಸಲದ ಕಿಮೋ ಮುಂದಕ್ಕೆ ಹಾಕಿದರು. "ಹೀಗೇ ಇಳಿದ್ರೆ ಔಷಧಿ ತಡ್ಕೊಳ್ಳೋ ಶಕ್ತಿ ಇರಲ್ಲ. ಚೆನ್ನಾಗಿ ತಿನ್ನಿ" ಎಂದರು. ಶ್ರೀರಾಮುಲು ತಲೆಯಾಡಿಸಿ ಬಂದ, ಭಯ ಮಾತ್ರ ಬಿಡಲಿಲ್ಲ.

ಬೇರೆ ದಾರಿ ಕಾಣದೆ ಗಂಗಾದೇವಿ ಅವನ ಸಾರಿಗೆ ಗೊತ್ತಾಗದಂತೆ ಒಂದು ಚಮಚ ಎಣ್ಣೆ ಹಾಕಿದಳು. ತಟ್ಟೆಯಲ್ಲಿ ಜಿಡ್ಡು ತೇಲಿದ್ದು ಅವನಿಗೆ ಕಂಡುಬಿಟ್ಟಿತು.

"ನನ್ನ ಸಾಯಿಸ್ಬೇಕು ಅಂತಿದ್ದೀಯೇನೇ?"

"ನೀವು ಬದುಕ್ಲಿ ಅಂತ ಕಣ್ರೀ ಹಾಕಿದ್ದು!"

ಅವನು ತಟ್ಟೆ ತಳ್ಳಿ ಎದ್ದ. ಚೀಲಕ್ಕೆ ಪಂಚೆ ತುರುಕಿ ಬಸ್ಸು ಹತ್ತಿದವನು ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಕಲ್ಯಾಣದುರ್ಗದ ಅಕ್ಕನ ಮನೆ ಸೇರಿದ.

ಅಕ್ಕ ಪೆದ್ದಕ್ಕ ವಯಸ್ಸಾದವಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದ್ದು ಅವಳೇ. "ಏಮಿ ರಾ ಇದು, ಹಿಂಗಾಗ್ಬುಟ್ಟಿದ್ದೀಯ?" ಎಂದು ಅವನ ತೋಳು ಹಿಡಿದು ನೋಡಿದಳು. ಅವನು ಎಲ್ಲ ಹೇಳಿದ. ಅವಳು ವಾದ ಮಾಡಲಿಲ್ಲ.

"ಆಯ್ತು ಕಣಪ್ಪ, ನೀನು ಹೇಳ್ದಂಗೇ ಮಾಡ್ತೀನಿ. ಇಬ್ಬರಿಗೆ ಎರಡು ಅಡಿಗೆ ಯಾಕೆ? ನಾನೂ ಅದನ್ನೇ ಉಣ್ತೀನಿ."

ಬೇಯಿಸಿದ ಸೊಪ್ಪು, ಒಗ್ಗರಣೆಯಿಲ್ಲದ ನೀರುಸಾರು, ಚೂರು ಮುದ್ದೆ. ಅವನು ಎಷ್ಟು ತಿಂದರೆ ಅವಳೂ ಅಷ್ಟೇ ತಿಂದಳು. ಗಂಗಾದೇವಿಯ ಫೋನು ಬಂದರೆ ಅವನು ಎತ್ತದೆ ಜಗಲಿಯ ಮೇಲೆ ತಿರುಗಾಡುತ್ತಿದ್ದ.

ಒಂದು ಬೆಳಿಗ್ಗೆ ಪೆದ್ದಕ್ಕ ನಲ್ಲಿಯ ಹತ್ತಿರ ಬಿಂದಿಗೆ ಎತ್ತಲು ಹೋಗಿ ಹಾಗೇ ಕುಸಿದು ಕೂತಳು. ಶ್ರೀರಾಮುಲು ಓಡಿಬಂದ.

"ಏನಿಲ್ಲ ಕಣ್ಲಾ, ತಲೆ ತಿರುಗ್ತು."

"ನೀನ್ಯಾಕಕ್ಕ ಇದನ್ನ ತಿನ್ನಕ್ಕೆ ಹೋದೆ?"

"ಕಾಯಿಲೆ ಇಲ್ದಿರೋ ನನಗೇ ತಡ್ಕಳಾಕ್ ಆಗ್ಲಿಲ್ಲ. ನಿಂಗೆಂಗಪ್ಪ ಆಯ್ತದೆ?"

ಅವನು ಅವಳನ್ನು ಎಬ್ಬಿಸಿ ಜಗಲಿಯ ಮೇಲೆ ಕೂರಿಸಿದ. ಒಳಗೆ ಹೋಗಿ, ಬಿಸಿ ತಿಳಿಯದ ಬೆರಳುಗಳಿಂದಲೇ ಹೇಗೋ ಕಡ್ಲೆಬೀಜ ಹುರಿದು, ಮೆಣಸಿನಕಾಯಿ ಹಾಕಿ ಚಟ್ನಿ ಕುಟ್ಟಿದ. ಚಟ್ನಿಯ ಮೇಲೆ ಎಣ್ಣೆ ಬಿಟ್ಟು ಮುದ್ದೆಯ ಜೊತೆ ಅಕ್ಕನ ಮುಂದಿಟ್ಟ.

"ನೀನುಂಡ್ರೆ ಉಣ್ತೀನಿ," ಎಂದಳು.

ಅವನೂ ಒಂದು ತುತ್ತು ಮುರಿದು, ಚಟ್ನಿಗೆ ಅದ್ದಿ ಬಾಯಿಗಿಟ್ಟ. ಮಧ್ಯಾಹ್ನವೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನೋ ಆಗಿಬಿಡುತ್ತದೆಂದು ಕಾದ. ಸಂಜೆ ಹೊತ್ತಿಗೆ ಹಸಿವಾಯಿತು. ಆಗ ಹೆಂಡತಿಗೆ ಫೋನು ಮಾಡಿ, "ನಾಳೆ ಬತ್ತೀನಿ. ಆಸ್ಪತ್ರೆಗೆ ಹೋಗಾಣ," ಎಂದ.

ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಪದ್ಮಲತಾ ಅವನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿದರು. "ಕರಿದ ಎಣ್ಣೇಲೇ ಮತ್ತೆ ಮತ್ತೆ ಕರಿದ ಬಜ್ಜಿ, ವನಸ್ಪತಿ ತುಪ್ಪ ಬೇಡ. ಕಡ್ಲೆಕಾಯಿ ಎಣ್ಣೆ, ಮೊಟ್ಟೆ, ಮೊಸರು ಬೇಕು. ಭೇದಿ ಆದ ದಿನ ಜಿಡ್ಡು ಕಮ್ಮಿ ಮಾಡಿ. ಒಂದೇ ಸಲ ಆಗದಿದ್ರೆ ಸ್ವಲ್ಪ ಸ್ವಲ್ಪ ತಿನ್ನಿ."

"ಗೆಡ್ಡೆ ಮತ್ತೆ ಬರಲ್ಲ ಅಂತ ಹೇಳ್ತೀರಾ ಮೇಡಂ?"

"ಹಾಗೆ ಹೇಳೋಕೆ ಯಾರಿಂದಲೂ ಆಗಲ್ಲ. ಆದ್ರೆ ಉಪವಾಸ ಇದ್ರೆ ಅದು ಬರದೇ ಇರುತ್ತೆ ಅಂತಾನೂ ಇಲ್ಲ."

ತೂಕ ನಿಧಾನಕ್ಕೆ ಏರಿತು. ಕಿಮೋ ಮುಂದುವರಿದು ಮುಗಿಯಿತು. ಈಗ ಶ್ರೀರಾಮುಲು ಬೆಳಿಗ್ಗೆ ಸ್ವಲ್ಪ ಹೊತ್ತು ಸಾದಾ ಸೀರೆ ನೇಯುತ್ತಾನೆ. ಸ್ಕ್ಯಾನಿನ ದಿನ ಹತ್ತಿರ ಬಂದರೆ ಮಾತ್ರ ನಿದ್ದೆ ಹಾರಿಹೋಗುತ್ತದೆ. ಗಂಗಾದೇವಿ ಎರಡನೇ ಮೊಟ್ಟೆ ಬಡಿಸಿದರೆ ಅದನ್ನು ದಿಟ್ಟಿಸಿ ನೋಡುತ್ತ ಕೂರುತ್ತಾನೆ. ಅವಳು ತನ್ನ ತಟ್ಟೆಗೂ ಬಡಿಸಿಕೊಂಡು ಉಣ್ಣುತ್ತಾಳೆ. ಸ್ವಲ್ಪ ಹೊತ್ತಿಗೆ ತಿನ್ನುತ್ತಾನೆ.