ಹುಲಗೆಮ್ಮನ ಬೇರೆ ಒಲೆ

ನಮ್ಮ ಮನೆಗೂ ಗದ್ದೆಪ್ಪನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಒತ್ತಿಕೊಂಡು ಅವರ ಛಪ್ಪರದ ಕೆಳಗೆ ಮಣ್ಣಿನದೊಂದು ಒಲೆ ಇದೆ. ಹುಲಗೆಮ್ಮ ಹೋದ ಮೇಲೆ ಅದನ್ನು ಯಾರೂ ಹಚ್ಚಿಲ್ಲ, ಕಿತ್ತೂ ಇಲ್ಲ. ದೇವದುರ್ಗದ ನಮ್ಮ ಓಣಿಯಲ್ಲಿ ಇಷ್ಟು ಚಂದದ ಒಲೆ ಇನ್ನೊಂದಿಲ್ಲ. ಅದನ್ನು ಹೂಡಿದ್ದು ಮಾತ್ರ ಒಂದು ಸುಳ್ಳಿಗಾಗಿ. ಅವಳ ಬಗ್ಗೆ ಬರೆಯಬೇಕೆಂದು ಕೂತರೆ ನನಗೆ ಮೊದಲು ಕಾಣುವುದು ಆ ಒಲೆಯೇ.

ಹುಲಗೆಮ್ಮ ಗದ್ದೆಪ್ಪನ ಅಕ್ಕ. ಮಾನ್ವಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಇವಳು ಜಗಳ ಮಾಡಲಿಲ್ಲ, ಹಿರಿಯರನ್ನು ಕೂಡಿಸಲಿಲ್ಲ. ತನ್ನ ಸೀರೆಗಳನ್ನೂ ತವರಿನಿಂದ ಒಯ್ದಿದ್ದ ರೊಟ್ಟಿ ಹಂಚನ್ನೂ ಗಂಟು ಕಟ್ಟಿಕೊಂಡು ರಾಯಚೂರಿಗೆ ಬಂದು ಹತ್ತಿ ಮಿಲ್ಲಿನಲ್ಲಿ ಕೂಲಿಗೆ ನಿಂತಳು. ಹತ್ತಿಯ ಧೂಳು ಮೂಗಿಗೆ ಹೋಗಿ ಅವಳಿಗೆ ಕೆಮ್ಮು ಹತ್ತಿದ್ದು ಅಲ್ಲೇ. ಗದ್ದೆಪ್ಪನ ಮನೆಯ ಮೇಲಿನ ತಗಡು ಆ ಕೂಲಿಯಿಂದ ಬಂದದ್ದು.

ಗದ್ದೆಪ್ಪನ ಹೆಂಡತಿ ದುರ್ಗಾ ಮಗಳನ್ನು ಹಡೆದು ಹಾಸಿಗೆ ಹಿಡಿದಾಗ ಹುಲಗೆಮ್ಮ ಮಿಲ್ಲು ಬಿಟ್ಟು ಬಂದಳು. ಆ ಮಗು ಮಲ್ಲಿಕಾ. ತಾಯಿಗೆ ಎದೆಹಾಲು ಬರಲಿಲ್ಲ. ಹುಲಗೆಮ್ಮ ಆಡಿನ ಹಾಲಿಗೆ ನೀರು ಬೆರೆಸಿ ಕಾಸಿ, ಬಟ್ಟೆಯ ಬತ್ತಿ ಅದ್ದಿ ಮಗುವಿನ ಬಾಯಿಗೆ ಹನಿ ಹನಿ ಬಿಡುತ್ತಿದ್ದಳು. ಮುಂದೆ ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವಾಗಲೆಲ್ಲ ಮಲ್ಲಿಕಾ ಅತ್ತೆಯ ಹತ್ತಿರವೇ ಇರುತ್ತಿದ್ದಳು. ಅತ್ತೆ, ಸೊಸೆ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುವುದು.

"ಅತ್ತಿ, ನಿನ್ನ ಕಡಿ ಪುಂಡಿಪಲ್ಯ ಜಾಸ್ತಿ ಅದ."

"ಅದೂ ನೀನೇ ತಿನ್ನು. ಹೊಟ್ಟಿ ಏನು ಜ್ವಾಳ ತುಂಬೋ ಹಗೇವು ಅದ ಏನು ಬೇ ನಿಂದು, ಎಷ್ಟು ಹಾಕಿದ್ರೂ ತುಂಬವಲ್ದು!"

ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. ಹುಲಗೆಮ್ಮನಿಗೆ ಬೇಕಾಗಿದ್ದದ್ದು ಆ ಗಂಗಾಳವೊಂದೇ. ಬೇರೆ ಏನನ್ನೂ ಅವಳು ಯಾರಲ್ಲೂ ಬೇಡಿದ್ದು ನಾನು ಕಂಡಿಲ್ಲ.

ಮಲ್ಲಿಕಾ ಏಳನೇ ಇಯತ್ತೆಯಲ್ಲಿದ್ದಾಗ ಸರ್ವೆಯವರು ಬರುತ್ತಾರೆಂಬ ಸುದ್ದಿ ಬಂತು. ಯಾವ ಯಾವ ಜಾತಿಯವರು ಎಷ್ಟೆಷ್ಟು ಬಡವರಿದ್ದಾರೆಂದು ಮನೆ ಮನೆಯ ಲೆಕ್ಕ ಹಿಡಿಯುತ್ತಾರಂತೆ. ಸುದ್ದಿ ತಂದವನು ಹಿಟ್ಟಿನ ಗಿರಣಿಯ ಮೀರಾಹುಸೇನ.

"ಒಂದು ಒಲಿ ಅಂದ್ರ ಒಂದು ಮನಿ ಅಂತ ಬರ್ಕೋತಾರ," ಅಂದ ಅವನು. "ಗಬ್ಬೂರಿನಾಗ ಹಂಗ ಬರ್ಕೊಂಡ್ರು. ಎರಡು ಒಲಿ ಇದ್ದೋರಿಗೆ ಎರಡು."

"ಎರಡು ಏನು?" ಗದ್ದೆಪ್ಪ ಕೇಳಿದ.

"ಕಾರ್ಡೇ ಇರಬೇಕು. ಮತ್ತೇನು ಹೆಣ್ಣು ಕೊಡ್ತಾರೇನು ನಿನಗ?"

ಎಲ್ಲರೂ ನಕ್ಕೆವು. ಗದ್ದೆಪ್ಪನ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿತು. ಒಂಟಿ ಹೆಂಗಸಿಗೆ ಬೇರೆ ಕಾರ್ಡಾದರೆ ಅಕ್ಕಿ ಹೆಚ್ಚು ಬರುತ್ತದೆ. ಬಂದದ್ದನ್ನು ಎಲ್ಲರೂ ಕೂಡಿ ಉಣ್ಣುವುದೇ ತಾನೆ.

"ಯಕ್ಕಾ, ಛಪ್ಪರದ ಕೆಳಗ ನಿಂದೊಂದು ಒಲಿ ಹೂಡು," ಅಂದ. "ಕೇಳಿದ್ರ, ನಂದು ಬ್ಯಾರೆ ಅಂದುಬಿಡು."

"ಮೂರು ಕಲ್ಲು ಇಟ್ರ ಸಾಕು," ಅಂದಳು ದುರ್ಗಾ. "ಅವರು ಹೋದಮ್ಯಾಲ ತಗದು ಒಗದ್ರಾತು."

"ಮೂರು ಕಲ್ಲು ನೋಡಿ ಯಾರು ನಂಬ್ತಾರ ಬೇ? ಒಲಿ ಅಂದ್ರ ಒಲಿ ಹಂಗ ಇರಬೇಕು," ಅಂದಳು ಹುಲಗೆಮ್ಮ.

ದುರ್ಗಾಳ ಮಾತು ಕೇಳಿ ಮೂರು ಕಲ್ಲನ್ನೇ ಇಟ್ಟಿದ್ದರೆ ಚೆನ್ನಾಗಿತ್ತು. ಹುಲಗೆಮ್ಮನಿಗೆ ಯಾವ ಕೆಲಸವನ್ನೂ ಅರೆಬರೆ ಮಾಡಲು ಬರುತ್ತಿರಲಿಲ್ಲ. ಬಿದ್ದ ಗೋಡೆಯ ಕೆಂಪು ಮಣ್ಣು ತಂದು ಜರಡಿ ಹಿಡಿದಳು. ಹೊಟ್ಟು, ಸಗಣಿ ಕಲಸಿ, ತುಳಿದು, ನೆನೆಯಲು ಬಿಟ್ಟಳು. ಗಾಳಿ ಬೀಸುವ ಕಡೆ ನೋಡಿ ಒಲೆಯ ಬಾಯಿ ಇಟ್ಟಳು. ಸಾರು ಬಿಸಿಯಿರಲೆಂದು ಪಕ್ಕದಲ್ಲಿ ಸಣ್ಣದೊಂದು ಕೋಡೊಲೆಯನ್ನೂ ಕೂಡಿಸಿದಳು. ಅಂಚು ಹಸಿ ಇದ್ದಾಗ ಮಲ್ಲಿಕಾ ತನ್ನ ಗಾಜಿನ ಬಳೆ ಒತ್ತಿ ಒತ್ತಿ ಸುತ್ತಲೂ ಚಿತ್ತಾರ ಮಾಡಿದಳು.

"ನೋಡಬಾ ಯಕ್ಕ," ಎಂದು ನನ್ನನ್ನು ಕರೆದಳು ಹುಲಗೆಮ್ಮ. "ಗಂಡನ ಮನ್ಯಾಗ ಸೈತ ನಂದಂತ ಒಂದು ಒಲಿ ಇರಲಿಲ್ಲ. ಈಗ ನಾನೂ ಒಂದು ಮನಿ ಯಜಮಾನಿ."

ಸರ್ವೆಗೆ ಬಂದವಳು ಪೂರ್ಣಶ್ರೀ ಎಂಬ ಹುಡುಗಿ. ಮಾನ್ವಿಯವಳು, ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದಳು. ಕಟ್ಟೆಯ ಮೇಲೆ ಕೂತು ಅವಳು ಮೊದಲು ಹೇಳಿದ್ದೇ ಇದು:

"ನೋಡ್ರಿ, ಇದು ಕಾರ್ಡಿಂದಲ್ಲ, ಪಿಂಚಣಿದಲ್ಲ. ನಮ್ಮ ಕಾಲೇಜಿನವರು ಅಭ್ಯಾಸಕ್ಕ ಮಾಡಾಕತ್ತಾರ. ಯಾರ್ಯಾರು ಹೆಂಗ ಬದುಕ್ಯಾರ ಅಂತ ತಿಳ್ಕೊಳ್ಳಾಕ. ನಾವು ಏನೂ ಕೊಡೂದಿಲ್ಲ, ಏನೂ ಕಸ್ಕೊಳ್ಳೂದಿಲ್ಲ."

ನಾನೂ ಅಲ್ಲೇ ಕೂತಿದ್ದೆ. ನನ್ನ ಕಿವಿಗೂ ಬಿತ್ತು. ಒಬ್ಬರೂ ನಂಬಲಿಲ್ಲ. ಗದ್ದೆಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದ. ಕಾರ್ಡಿನದು ಅಂತ ಮೊದಲೇ ಹೇಳಿದರೆ ಊರೆಲ್ಲ ಬಡವರಾಗುತ್ತಾರೆ, ಅದಕ್ಕೇ ಹೀಗೆ ಹೇಳಿ ಕಳಿಸಿರುತ್ತಾರೆ ಅಂತ ಅವನ ತಿಳುವಳಿಕೆ.

ಗೋಡೆ ಎಂಥದು, ಪಾಯಖಾನೆ ಇದೆಯೋ, ಹಾಲು ಯಾವಾಗ ಕೊಳ್ಳುತ್ತೀರಿ, ಜಾತಿ ಯಾವುದು, ಎಲ್ಲ ಕೇಳಿ ಕೈಯಲ್ಲಿದ್ದ ಮೊಬೈಲಿನ ಮೇಲೆ ಬೆರಳಿನಿಂದ ಒತ್ತಿಕೊಂಡಳು. ಆಮೇಲೆ ಹುಲಗೆಮ್ಮನ ಕಡೆ ತಿರುಗಿದಳು.

"ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರವ್ವ?"

"ಒಬ್ಬಾಕೀನ," ಅಂದಳು ಹುಲಗೆಮ್ಮ, ಸೆರಗು ಬಾಯಿಗೆ ಒತ್ತಿ ನಗು ತಡೆಯುತ್ತ. ಮಲ್ಲಿಕಾ ಅವಳ ಬೆನ್ನಿಗೆ ಮುಖ ಹುದುಗಿಸಿ ಕಿಸಕ್ಕೆಂದಳು.

"ಒಲಿ ಬ್ಯಾರೇನೇ?"

"ಹೊಗಿ ಬರಾಕತ್ತದಲ್ಲವ್ವ, ಕಾಣವಲ್ದೇನು?"

ಪೂರ್ಣಶ್ರೀ ಎದ್ದು ಹೋಗಿ ಒಲೆ ನೋಡಿದಳು. "ಭಾಳ ಚಂದ ಅದ. ನಮ್ಮ ಅಹಲ್ಯಾಬಾಯಿ ಅಜ್ಜಿದೂ ಬ್ಯಾರೇನೇ ಒಲಿ. ಆಕಿದು ಭಾರಿ ಮಡಿ. ಆಕಿ ಊಟ ಆಗೂತನಕ ನಾವು ಯಾರೂ ಆ ಕಡಿ ಸುಳಿಯೂ ಹಂಗಿಲ್ಲ."

"ಹಂಗಾದ್ರ ನಿಮ್ಮದೂ ಎರಡು ಮನಿ ಆತಲ್ಲ?" ಅಂದಳು ದುರ್ಗಾ.

"ಇಲ್ರೀ, ಅದು ದೇವರ ಸಲುವಾಗಿ. ಅಕ್ಕಿ, ಬ್ಯಾಳಿ ಎಲ್ಲಾ ಒಂದೇ ಡಬ್ಬಿದು. ಮದಲ ಆಕಿಗೆ ತಗದಿಟ್ಟ ಮ್ಯಾಲ ನಮಗ. ನಮ್ಮದು ಒಂದೇ ಮನಿ."

ಹೊರಡುವಾಗ ಹುಡುಗಿ ಇನ್ನೊಂದು ಮಾತು ಹೇಳಿದಳು. "ಮತ್ತ ಬರ್ತೀವ್ರಿ. ಇವೇ ಮನಿಗಳಿಗೇ ಬರ್ತೀವಿ, ಏನೇನು ಬದಲಾಗ್ಯದ ನೋಡಾಕ."

"ಯಾವಾಗ?" ಗದ್ದೆಪ್ಪ ಕೇಳಿದ.

"ಅದು ಹೇಳಾಕ ಬರೂದಿಲ್ರಿ."

ಕೆಟ್ಟದ್ದು ಆ ಮಾತಿನಿಂದ. ಬಂದು ನೋಡುತ್ತಾರೆ, ಯಾವಾಗ ಬರುತ್ತಾರೋ ತಿಳಿಯದು. ಒಲೆ ತಣ್ಣಗಿದ್ದರೆ ಸುಳ್ಳು ಬಯಲಾಗುತ್ತದೆ.

ಮೊದಮೊದಲು ಬೂದಿ ಬೆಚ್ಚಗಿರಲೆಂದು ಹುಲಗೆಮ್ಮ ಬೆಳಿಗ್ಗೆ ಅದರ ಮೇಲೆ ನೀರು ಕಾಸುತ್ತಿದ್ದಳು, ಅಷ್ಟೆ. ಊಟ ಒಳಗೇ. ಆಮೇಲೆ ದುರ್ಗಾ, "ಹೆಂಗೂ ಕಟಿಗಿ ಸುಡ್ತಾವ, ನಿನ್ನ ರೊಟ್ಟಿ ಅಲ್ಲೇ ಬಡ್ಕೊಂಬಿಡು ಯಕ್ಕ," ಅಂದಳು. ಅದರಲ್ಲಿ ಕೆಟ್ಟ ಮಾತೇನೂ ಇಲ್ಲ, ಕಟ್ಟಿಗೆ ತರುವ ಕಷ್ಟ ಎಲ್ಲರಿಗೂ ಗೊತ್ತು. ಹುಲಗೆಮ್ಮ ಹೊರಗೆ ರೊಟ್ಟಿ ಬಡಿದು ಒಳಗೆ ಒಯ್ದು ಉಣ್ಣುತ್ತಿದ್ದಳು. ಎಷ್ಟು ರೊಟ್ಟಿಗೆ ಎಷ್ಟು ಹಿಟ್ಟು ಅಂತ ಬಂದಾಗ ದುರ್ಗಾ ಬಟ್ಟಲಿನಿಂದ ಅಳೆದು ಕೊಡತೊಡಗಿದಳು. ಮನೆಯವರಿಗೆ ಯಾರೂ ಹಿಟ್ಟು ಅಳೆದು ಕೊಡುವುದಿಲ್ಲ.

ಮಲ್ಲಿಕಾ ಆಗಲೂ ಗಂಗಾಳ ಹಿಡಿದು ಛಪ್ಪರಕ್ಕೇ ಓಡಿ ಬರುತ್ತಿದ್ದಳು. ಒಂದು ದಿನ ದುರ್ಗಾ ಬಾಗಿಲಲ್ಲಿ ನಿಂತು ಕೂಗಿದಳು.

"ಏ ಮಲ್ಲಿ, ಒಳಗ ಬಾ! ಸರ್ವೇದಾಕಿ ಈಗ ಬಂದು ನೋಡಿದ್ರ ಏನಂತಾಳ? ಒಂದೇ ಗಂಗಾಳದಾಗ ಉಣ್ಣೋರು ಎರಡು ಮನಿ ಹೆಂಗ ಆಗ್ತಾರ?"

ಹುಡುಗಿ ಅತ್ತೆಯ ಮುಖ ನೋಡಿದಳು.

"ಹೋಗವ್ವ," ಅಂದಳು ಹುಲಗೆಮ್ಮ. "ಕಾರ್ಡು ಬರೂತನಕ ಅಷ್ಟ."

ಕಾರ್ಡು ಬರಲಿಲ್ಲ. ಮುಂದಿನ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವಾಗ ಮಲ್ಲಿಕಾಳನ್ನೂ ಕರೆದುಕೊಂಡು ಹೋದರು. ತಿರುಗಿ ಬಂದಾಗ ಹುಡುಗಿ ಎತ್ತರವಾಗಿದ್ದಳು, ಮಾತು ಕಡಿಮೆಯಾಗಿತ್ತು. ಗಂಗಾಳದ ಅಭ್ಯಾಸ ಬಿಟ್ಟುಹೋಗಿತ್ತು. ಈ ಸಲ ಯಾರೂ ಕೂಗಿ ಬಿಡಿಸಬೇಕಾಗಲಿಲ್ಲ. ಮುಂದೆ ಒಳಗೆ ಗ್ಯಾಸು ಬಂತು. ಆ ದಿನ ದುರ್ಗಾ ಖುಷಿಯಿಂದ ನನ್ನನ್ನೂ ಹುಲಗೆಮ್ಮನನ್ನೂ ಕರೆದು ಚಹಾ ಕೊಟ್ಟಳು. ಮನೆಯವರು ಕುಡಿದದ್ದು ಎಂದಿನ ಲೋಟದಲ್ಲಿ. ನಮ್ಮಿಬ್ಬರಿಗೆ ಬಂದವರಿಗೆಂದು ಎತ್ತಿಟ್ಟ ಕಪ್ಪು. ಹುಲಗೆಮ್ಮ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ಕುಡಿದಳು. ಒಳಗೆ ಕುಕ್ಕರು ಕೂಗುತ್ತಿದ್ದರೆ ಹೊರಗೆ ಇವಳು ಹತ್ತಿಕಟ್ಟಿಗೆ ಊದುತ್ತಿದ್ದಳು. ಕೆಮ್ಮು ಹೆಚ್ಚಾಯಿತು.

"ಗದ್ದೆಪ್ಪಗ ಹೇಳು, ಸಾಕು ಈ ನಾಟಕ ಅನ್ನು," ಅಂದೆ ನಾನು.

"ಏನಂತ ಹೇಳಲಿ ಯಕ್ಕ? ನನ್ನ ಒಳಗ ಕರ್ಕೋ ಅಂತ ಹೇಳಲೇನು? ಹೊರಗ ಹೋಗು ಅಂತ ಅವರು ಯಾವತ್ತು ಅಂದಾರ?"



ಹೀಗೇ ಆರೇಳು ವರ್ಷ ಕಳೆದ ಮೇಲೆ ಮಲ್ಲಿಕಾಳ ಮದುವೆ ಮಾನ್ವಿಯ ಹುಡುಗನ ಜೊತೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ದುರ್ಗಾ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಕುಂಕುಮದ ಬಟ್ಟಲು ಹಿಡಿದು ಊಟಕ್ಕೆ ಹೇಳಲು ಹೊರಟಳು. ಪೂರ್ತಿ ಮನೆಮಂದಿಗೆ ಕರೆಯುವಾಗ ನಮ್ಮಲ್ಲಿ 'ನಾಳೆ ಒಲಿ ಹಚ್ಚಬ್ಯಾಡ್ರಿ' ಅನ್ನುತ್ತಾರೆ. ನಮ್ಮ ಮನೆಗೆ ಹೇಳಿ ಆಚೆಯ ಮನೆಗೆ ಹೋಗುವ ದಾರಿಯಲ್ಲಿ ಅವರ ಛಪ್ಪರವೇ ಸಿಕ್ಕಿತು. ಹುಲಗೆಮ್ಮ ಮದುವೆಗೆಂದೇ ಶೇಂಗಾ ಹುರಿಯುತ್ತ ಕೂತಿದ್ದಳು. ದುರ್ಗಾಳ ಬಾಯಿಗೆ ಆ ಹೊತ್ತಿಗೆ ಮಾತು ರೂಢಿಯಾಗಿತ್ತೋ ಏನೋ, ಬಗ್ಗಿ ಅವಳ ಹಣೆಗೂ ಕುಂಕುಮ ಹಚ್ಚಿದಳು.

"ನಾಳೆ ಒಲಿ ಹಚ್ಚಬ್ಯಾಡ ಯಕ್ಕ, ಊಟಕ್ಕ ಬಾ."

ಹೇಳಿ ಮುಂದಿನ ಮನೆಗೆ ನಡೆದಳು. ಜೊತೆಗಿದ್ದ ಹೆಂಗಸರಲ್ಲಿ ಒಬ್ಬರಿಗೂ ಏನೂ ಅನಿಸಲಿಲ್ಲ.

ಶೇಂಗಾ ಸೀಯುವ ವಾಸನೆ ನಮ್ಮ ಬಾಗಿಲಲ್ಲಿ ನಿಂತಿದ್ದ ನನಗೂ ಬಂತು. "ಹುಲಗಿ, ಕೈ ಆಡಸು," ಅಂದೆ. ಅವಳು ಹಂಚು ಇಳಿಸಲಿಲ್ಲ.

"ನನ್ನ ಊಟಕ್ಕ ಕರದ್ರು ಯಕ್ಕ," ಅಂದಳು.

ಮದುವೆಯಲ್ಲಿ ಭೂಮದ ಊಟಕ್ಕೆ ಮದುಮಕ್ಕಳನ್ನು ಕೂಡಿಸಿದರು. ಮದುಮಕ್ಕಳೂ ಎರಡೂ ಮನೆಯವರೂ ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವುದು. "ಮನಿಯವರು ಬರ್ರಿ, ಮನಿಯವರು ಬರ್ರಿ," ಎಂದು ಯಾರೋ ಕೂಗಿದರು. ಹುಲಗೆಮ್ಮ ಬಂದವರ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದಳು. ನೆಲಕ್ಕೆ ಕೈ ಊರಿ ಅರ್ಧ ಎದ್ದಳು. ಅಷ್ಟರಲ್ಲಿ ತಾಟಿನ ಸುತ್ತ ಜನ ತುಂಬಿದರು. ಮಲ್ಲಿಕಾ ತಲೆ ಎತ್ತಿ ಒಂದು ಸಲ ಸುತ್ತ ನೋಡಿದಳು, ಬಾಸಿಂಗದ ಎಳೆಗಳು ಕಣ್ಣಿಗೆ ಅಡ್ಡ ಬಂದವು. ಹುಲಗೆಮ್ಮ ಮತ್ತೆ ಕೂತಳು. ಹುಗ್ಗಿ ಬಡಿಸಿದರು. ಒಂದು ಅಗುಳು ಬಿಡದೆ ಉಂಡು, ಎಲೆ ಮಡಚಿ ಎದ್ದಳು.

ಮುಂದಿನ ವರ್ಷ ಪೂರ್ಣಶ್ರೀ ಮತ್ತೆ ಬಂದಳು. ಈಗ ಅವಳೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮಲ್ಲಿಕಾ ತವರಿಗೆ ಬಂದಿದ್ದಳು, ಹೊಸ್ತಿಲ ಒಳಗೆ ನಿಂತಿದ್ದಳು.

"ಯವ್ವಾ, ಆ ಕಾರ್ಡು ಏನಾತು? ಇನ್ನೂ ಬರಲಿಲ್ಲಲ್ಲ," ಅಂದ ಗದ್ದೆಪ್ಪ.

"ಯಾವ ಕಾರ್ಡ್ರಿ? ಕಾರ್ಡಿಂದಲ್ಲ ಅಂತ ಅವತ್ತೇ ಹೇಳಿದ್ನಲ್ಲ."

"ಖರೇನಾ?"

"ಖರೇನೇ ಹೇಳಿದ್ದೆ."

ದುರ್ಗಾ ಛಪ್ಪರದ ಕಡೆ ನೋಡಿ ಬೇರೆ ಕಡೆ ಮುಖ ತಿರುಗಿಸಿದಳು.

"ಹಂಗಾದ್ರ ಒಂದೇ ಮನಿ ಅಂತ ಬರ್ಕೋರಿ," ಅಂದ ಗದ್ದೆಪ್ಪ. "ಅಕ್ಕ ನಮ್ಮಾಕೀನೇ. ಅವತ್ತು ಸುಮ್ಮನ ಬ್ಯಾರೆ ಅಂದಿದ್ವಿ."

ಪೂರ್ಣಶ್ರೀ ಹುಲಗೆಮ್ಮನ ಕಡೆ ತಿರುಗಿದಳು. "ಹೌದೇನವ್ವ? ಎಲ್ಲಾರೂ ಒಂದೇ ಕಡಿ ಉಣ್ತೀರೇನು?"

ಹುಲಗೆಮ್ಮ ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು.

"ಇಲ್ಲವ್ವ. ಅವತ್ತು ನಾ ಸುಳ್ಳು ಹೇಳಿದ್ದೆ, ತಪ್ಪು ತಿಳ್ಕೋಬ್ಯಾಡ. ಇವತ್ತು ಖರೇ ಹೇಳತೀನಿ. ಒಬ್ಬಾಕೀನ."

ಯಾರೂ ನಗಲಿಲ್ಲ. ಪೂರ್ಣಶ್ರೀ ಮೊಬೈಲಿನ ಮೇಲೆ ಎತ್ತಿ ಹಿಡಿದಿದ್ದ ಬೆರಳನ್ನು ಆಮೇಲೆ ಒತ್ತಿದಳು. ಉರುವಲು ಏನು ಅಂತ ಕೇಳಿದಳು. ಗದ್ದೆಪ್ಪನಿಗೆ ಗ್ಯಾಸು, ಹುಲಗೆಮ್ಮನಿಗೆ ಕಟ್ಟಿಗೆ. ಒಂದೇ ತಗಡಿನ ಕೆಳಗೆ ಪೂರ್ಣಶ್ರೀಯ ಲೆಕ್ಕದಲ್ಲಿ ಒಂದು ಮನೆ ಬಡತನದಿಂದ ಮೇಲೆ ಬಂತು, ಇನ್ನೊಂದು ಕೆಳಗೆ ಹೋಯಿತು. ಮಲ್ಲಿಕಾ ಒಳಗಿನಿಂದ ಚಹಾ ತಂದಳು. ಅತ್ತೆಗೂ ಕೊಟ್ಟಳು, ಬಂದವರಿಗೆಂದು ಎತ್ತಿಟ್ಟ ಆ ಕಪ್ಪಿನಲ್ಲೇ.

ಆ ಚಳಿಗಾಲ ಹುಲಗೆಮ್ಮ ತೀರಿಕೊಂಡಳು. ಬೆಳಿಗ್ಗೆ ಹೊಗೆ ಕಾಣಲಿಲ್ಲ ಅಂತ ನಾನೇ ಹೋಗಿ ನೋಡಿದ್ದು. ಗದ್ದೆಪ್ಪ ಎದೆ ಎದೆ ಬಡಿದುಕೊಂಡು ಅತ್ತ, ಅದರಲ್ಲಿ ಸುಳ್ಳಿರಲಿಲ್ಲ. ಮಲ್ಲಿಕಾ ಮಾನ್ವಿಯಿಂದ ಮಣ್ಣಿಗೆ ಬಂದಳು. ಎಲ್ಲ ಮುಗಿದು ಜನ ಚದುರಿದ ಮೇಲೆ ಛಪ್ಪರದ ಕೆಳಗೆ ಹೋಗಿ ಕೂತಳು. ಕೈಯಿಂದ ಒಂದು ಬಳೆ ತೆಗೆದು ಒಲೆಯ ಅಂಚಿನ ಹಳೆಯ ಗುರುತಿಗೆ ಇಟ್ಟು ನೋಡಿದಳು. ಬಳೆ ದೊಡ್ಡದಾಗಿತ್ತು, ಕೂರಲಿಲ್ಲ. ತೆಗೆದು ಪಕ್ಕದ ಗುರುತಿಗೆ ಇಟ್ಟಳು. ಅಲ್ಲಿಯೂ ಕೂರಲಿಲ್ಲ.