ನಕ್ಷತ್ರಗಳ ಹಿಂದಿನ ಅರ್ಜಿ

ಕಾಯುವ ಶಿವನೇ, ಮೊದಲು ನಿನಗೆ ಶರಣು.

ಅಫಜಲಪುರದ ಅರ್ಜಿ ಕೇಂದ್ರದಲ್ಲಿ, ಲಿನಕ್ಸ್ ಕಂಪ್ಯೂಟರಿನ ಮುಂದೆ, ನನ್ನ ಸರದಿ ಕಾಯುತ್ತ ಮಣ್ಣೂರಿನ ಅಜ್ಜಿಯೊಬ್ಬಳ ಪಕ್ಕ ಕುಳಿತಿದ್ದೆ. ಅವಳ ಪಿಂಚಣಿ ಅರ್ಜಿಗೆ ಅಂದೇ ಕೊನೆಯ ದಿನ. ಅರ್ಧ ತುಂಬಿಸಿ ಆಪರೇಟರ್ ಹುಡುಗಿ ಊಟಕ್ಕೆ ಎದ್ದಳು. ತುಸು ಹೊತ್ತಿಗೆ ಅರ್ಜಿ ಮಾಯವಾಗಿ ಪರದೆಯ ತುಂಬ ನಕ್ಷತ್ರಗಳು ಹಾರತೊಡಗಿದವು.

“ನನ್ನ ಹೆಸರ ಹೋತಲ್ಲೋ ಯಪ್ಪಾ,” ಎಂದು ಅಜ್ಜಿ ನನ್ನ ತೋಳು ಹಿಡಿದಳು. ಒಂದು ಕೀಲಿ ಒತ್ತಿದೆ. ಅದು ಪಾಸ್‌ವರ್ಡ್ ಕೇಳಿತು. ಇದ್ದುದನ್ನೂ ಕೆಡಿಸಿದೆನೆಂದು ಶಿವನಾಮ ಹಿಡಿದೆ.

ಹುಡುಗಿ ಬಂದು ನಕ್ಕಳು. “ಸ್ಕ್ರೀನ್‌ಸೇವರ್ ಅದ ಆಯಿ. ನಾ ಇಲ್ಲದಾಗ ನಿಮ್ಮ ಆಧಾರ್ ನಂಬರ ಮಂದಿ ನೋಡಬಾರ್ದಂತ ಮುಚ್ತದ.” ಪಾಸ್‌ವರ್ಡ್ ಒತ್ತಿದಳು, ಅರ್ಜಿ ಇದ್ದಂತೆಯೇ ಇತ್ತು. ಲಿನಕ್ಸ್‌ಗೆ ಇಂಥ ಪ್ರೋಗ್ರಾಮುಗಳನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದಾರಂತೆ. ನಾನು ಪರದೆಗೇ ಕೈಮುಗಿದೆ.

ಅಜ್ಜಿ ಮೆಲ್ಲಗೆ ಕೇಳಿದಳು: “ನಮ್ಮೂರ ಕಟ್ಟಿ ಮ್ಯಾಲ ಕುಂತವರ ಬಾಯಿಗೂ ಇದನ್ನ ಹಾಕಾಕ ಬರ್ತದೇನ್ ತಂಗಿ?”

ಈ ಕತೆ ಕೇಳಿದ ನಿಮ್ಮೆಲ್ಲರ ಮನೆಯ ಗುಟ್ಟನ್ನೂ ಶಿವನು ಹೀಗೇ ಕಾಯಲಿ.