ಗುಂಡಿಗಿಟ್ಟ ಥರ್ಮಾಮೀಟರ್

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಥರ್ಮಾಮೀಟರ್ ಅಕ್ಕ. ದಿನಾ ಬೆಳಿಗ್ಗೆ ಎಂಟಕ್ಕೆ, ಪ್ರಯೋಗಾಲಯದ ಬೀಗ ತೆಗೆಯುವ ಮೊದಲು, ಆಕೆ ಗ್ರಂಥಾಲಯದ ಹಿಂದಿನ ಗೊಬ್ಬರದ ಗುಂಡಿಗೆ ಬರುತ್ತಾಳೆ. ರಾಶಿಗೆ ಚುಚ್ಚಿದ ಕಬ್ಬಿಣದ ಕೊಳವೆಯೊಳಗೆ ಹಳೆಯ ಥರ್ಮಾಮೀಟರ್ ಇಳಿಬಿಟ್ಟು, ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಕೂರುತ್ತಾಳೆ. ನನ್ನ ಕಿಟಕಿಯಿಂದ ಎಲ್ಲ ಕಾಣುತ್ತದೆ. ನಾನು ಇಲ್ಲಿನ ಗ್ರಂಥಪಾಲಕ. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ, ಸುಳ್ಳಲ್ಲ.

ಆ ಗುಂಡಿ ಶುರುವಾಗಿದ್ದು ಒಂದು ಪ್ರಶ್ನೆಯಿಂದ. ನಾಲ್ಕು ವರ್ಷದ ಹಿಂದೆ ಕಾಲೇಜಿನ ಸಮಾರಂಭ ಮುಗಿದ ಮೇಲೆ ಕಸ ತುಂಬುತ್ತಿದ್ದ ಲಾರಿಯ ಡ್ರೈವರನ್ನು ಈಕೆ, "ಇದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳಂತೆ.

"ಊರಾಚೆಗೆ."

"ಆಮೇಲೆ?"

ಅವನಿಗೆ ಗೊತ್ತಿರಲಿಲ್ಲ. ಮುಂದಿನ ರಜೆಯಲ್ಲಿ ಬಸ್ಸು ಹತ್ತಿ ತಾನೇ ಹೋಗಿ ನೋಡಿ ಬಂದಳು. ಆ ಕಸದ ಗುಡ್ಡ ಕಂಡವಳು ಸುಮ್ಮನೆ ಕೂರಲಿಲ್ಲ. ಪ್ರಾಂಶುಪಾಲರ ಬೆನ್ನು ಬಿದ್ದು, ಬಾಟಲಿ ರಟ್ಟು ಗುಜರಿಗೆ, ಎಂಜಲು ಮತ್ತು ಒಣ ಎಲೆ ಗುಂಡಿಗೆ ಎಂದು ಗೊತ್ತುಮಾಡಿಸಿದಳು.

ಮನೆಯಲ್ಲೂ ಇದೇ ಕಥೆ. ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಗಾಜಿನ ಡಬ್ಬಗಳು. ಒಂದರಲ್ಲಿ ಮಣ್ಣು ಮತ್ತು ಬಾಳೆಸಿಪ್ಪೆ, ಒಂದರಲ್ಲಿ ಬಸ್ ಟಿಕೆಟ್, ಇನ್ನೊಂದರಲ್ಲಿ ಟೈಲರ್ ಗಂಡ ಕೊಟ್ಟ ಬಟ್ಟೆ ಚೂರು. ಯಾವುದು ಮೊದಲು ಕರಗುತ್ತೆ ಎಂದು ನೋಡಬೇಕಂತೆ. "ಇರೋದೇ ಎರಡು ಕೋಣೆ, ಅದರಲ್ಲಿ ಒಂದು ಕಿಟಕಿ ನಿನ್ನ ಕೊಳೆತ ಸಾಮಾನಿಗೆ!" ಎಂದು ಅತ್ತೆ ಬೈಯುತ್ತಾರೆ. ಸೊಸೆ ಕೆಲಸಕ್ಕೆ ಹೋದ ಮೇಲೆ ಅದೇ ಅತ್ತೆ ಕನ್ನಡಕ ಹಾಕಿಕೊಂಡು ಡಬ್ಬಗಳನ್ನು ಒಂದೊಂದಾಗಿ ನೋಡುತ್ತಾರೆ ಎಂದು ಗಂಡನೇ ನನಗೆ ಹೇಳಿದ.

ಈ ಸಲ ಅಂತರಕಾಲೇಜು ಸ್ಪರ್ಧೆಗಳು ಮೂರು ದಿನ ನಡೆದವು. ಅದಾಗಿ ವಾರದಲ್ಲಿ ಗುಂಡಿ ನಾರತೊಡಗಿತು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ವಾಂತಿ. ರೇಗಿಹೋಗಿ ಪ್ರಾಂಶುಪಾಲರಿಗೆ ದೂರು ಬರೆದೆ. ಸೋಮವಾರದೊಳಗೆ ಸರಿಹೋಗದಿದ್ದರೆ ಗುಂಡಿ ಮುಚ್ಚಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡುತ್ತೇವೆ ಎಂದು ಅವರು ಆಕೆಗೆ ತಿಳಿಸಿದರು.

ನನ್ನ ಮೇಲೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಕೆಗೆ ಅದಕ್ಕೆ ಪುರುಸೊತ್ತೇ ಇರಲಿಲ್ಲ. "ಕೊಳೆಯೋ ರಾಶಿ ಬಿಸಿಯೇರಿ ಅರವತ್ತು ಡಿಗ್ರಿ ಇರಬೇಕಾದ್ದು ಮೂವತ್ತರಲ್ಲೇ ನಿಂತಿದೆ. ಯಾಕೆ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು.

ಶನಿವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ನೀರು ತುಂಬಿದ ಬೀಕರ್ ತಂದಿಟ್ಟಳು. ಒಳಗೆ ಒಂದು ಕಾಗದದ ಲೋಟ.

"ಎರಡು ದಿನದಿಂದ ನೆನೆಸಿದೀನಿ ಸರ್. ಹೊರಗಡೆ ಉಗುರಲ್ಲಿ ಕೆರೆದು ನೋಡಿ."

ಕೆರೆದೆ. ಕಾಗದ ನೆಂದ ಹಿಟ್ಟಿನ ಹಾಗೆ ಕಳಚಿ ಬಂತು. ಕೈಯಲ್ಲಿ ಉಳಿದದ್ದು ಲೋಟದ ಆಕಾರದ ತೆಳ್ಳನೆಯ ಪ್ಲಾಸ್ಟಿಕ್ ಪೊರೆ.

"ಅಯ್ಯೋ! ಇದು ಕಾಗದ ಅಲ್ವಾ?"

"ನಾನೂ ಹಾಗೇ ಅಂದುಕೊಂಡಿದ್ದೆ! ಸಾವಿರಾರು ಲೋಟ ಒಂದರೊಳಗೊಂದು ಕೂತು ನೀರು ಹಿಡಿದುಕೊಂಡಿವೆ. ಗಾಳಿ ಆಡದೆ ರಾಶಿ ನಾರ್ತಾ ಇದೆ." ಆಕೆಯ ಕಣ್ಣುಗಳು ಹೊಳೆಯುತ್ತಿದ್ದವು.

ನನಗೆ ಮಾತ್ರ ನನ್ನದೇ ಬರಹ ನೆನಪಾಯಿತು. ಈ ಸಲ ಸ್ಪರ್ಧೆಗೆ ಬಂದವರು ಗುಂಡಿಯ ಕಸ ಹಾಕಲೆಂದು ಇಟ್ಟ ಡಬ್ಬಗಳ ಮೇಲಿನ ಬೋರ್ಡು ಬರೆದವನು ನಾನು. ನನ್ನ ಅಕ್ಷರ ಚೆಂದ ಎಂದು ಆಕೆಯೇ ಬರೆಸಿದ್ದಳು. ಚೀಟಿಯಲ್ಲಿ ಕೊಟ್ಟದ್ದು 'ಎಂಜಲು, ಎಲೆ' ಎಂದಷ್ಟೇ. ಕಾಗದ ಅಂದಮೇಲೆ ಕೊಳೆಯದೆ ಏನು ಎಂದು, ಯಾರನ್ನೂ ಕೇಳದೆ, 'ಕಾಗದದ ಲೋಟ' ಎಂದು ಸೇರಿಸಿದ್ದು ನನ್ನ ಬುದ್ಧಿವಂತಿಕೆ.

ಅದನ್ನು ಆಕೆಗೆ ಹೇಳುವ ಬದಲು ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ಗುಂಡಿಗಿಳಿದು ಆಕೆಯ ಜೊತೆ ಲೋಟ ಹೆಕ್ಕಿದೆ. ಟೈಲರ್ ಒಣ ಎಲೆ ತಂದು ಸುರಿದ. ಅತ್ತೆ ಮೂಗು ಮುಚ್ಚಿಕೊಂಡೇ ಬಂದು, "ಆ ಮೂಲೇಲಿ ಇನ್ನೂ ಇವೆ, ಕಣ್ಣು ಕಾಣಲ್ವಾ?" ಎಂದು ನನ್ನನ್ನೇ ಗದರಿದರು.

ಸೋಮವಾರ ಐವತ್ತೊಂದು ಡಿಗ್ರಿ. ವಾಸನೆಯೂ ಅರ್ಧಕ್ಕರ್ಧ ಇಳಿದಿತ್ತು. ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದ ಪ್ರಾಂಶುಪಾಲರು ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ, ಆಕೆಯನ್ನು ಕೇಳಿದರು: "ಲೋಟ ಗುಂಡಿಗೆ ಹಾಕಿ ಅಂತ ಹೇಳಿದ್ದು ಯಾರು? ನೀವೇ ತಾನೆ? ನಾಳೆ ಇನ್ನೊಂದು ತಪ್ಪು ಮಾಡಲ್ಲ ಅಂತ ಏನು ಗ್ಯಾರಂಟಿ?"

ಆಕೆ ನೆಲ ನೋಡುತ್ತಾ ನಿಂತಳು.

"ನಾನು ಸರ್," ಎಂದೆ. ಅವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಬೋರ್ಡಿನಲ್ಲಿ ಲೋಟ ಸೇರಿಸಿದ್ದು ನಾನು. ದೂರು ವಾಪಸ್ ತಗೊಳ್ತೀನಿ. ಗುಂಡಿ ಮುಚ್ಚಬೇಡಿ."

ಅವರು ಇಬ್ಬರನ್ನೂ ನೋಡಿ ನಕ್ಕು, ಹೊಸ ಬೋರ್ಡು ಬರೆಯಲು ಹೇಳಿ ಕಳಿಸಿದರು.

ಮೆಟ್ಟಿಲಿಳಿಯುವಾಗ ಕೇಳಿದೆ, "ಲೋಟ ಸೇರಿಸಿದ್ದು ನಾನು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸರ್. ಶನಿವಾರಾನೇ ಬೋರ್ಡು ನೋಡಿದ್ದೆ."

"ಮತ್ತೆ ಹೇಳೋದಲ್ವಾ? ಗುಂಡೀನೇ ಮುಚ್ಚಿಬಿಡ್ತಿದ್ರಲ್ಲ!"

"ಭಯ ಆಗಿತ್ತು ಸರ್. ಆದ್ರೂ ನೀವಾಗೇ ಹೇಳ್ತೀರೋ ಇಲ್ವೋ ಅಂತ ನೋಡಬೇಕು ಅನ್ನಿಸ್ತು."